ಅಸ್ಥಿಪಂಜರ ಡ್ರ್ಯಾಗನ್‌ನ ಎದೆಯೊಳಗಿನ ಬೆಳಕು ಚಪ್ಪಟೆಯಾಗಿ ಕಂಡರೆ

ನನ್ನ ಡಿಜಿಟಲ್ ಚಿತ್ರದಲ್ಲಿ ಸತ್ತು ಎದ್ದ ಡ್ರ್ಯಾಗನ್‌ನ ಪಕ್ಕೆಲುಬುಗಳ ನಡುವಿನ ಹಸಿರು ಬೆಳಕು ಒಳಗಿನಿಂದ ಬಂದಂತೆ ಕಾಣುತ್ತಿರಲಿಲ್ಲ. ಮೂಳೆಯ ಮೇಲೆ ಬಣ್ಣದ ಕಾಗದ ಅಂಟಿಸಿದಂತಿತ್ತು.

ಬ್ರಷ್ ಹಿಗ್ಗಿಸಿದೆ, ಹಸಿರನ್ನು ಗಾಢಗೊಳಿಸಿದೆ, ಬೆಳಕಿನ ಲೇಯರನ್ನು (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥ ಪದರ) ಎರಡು ಬಾರಿ ನಕಲು ಮಾಡಿದೆ. ಮಂಜು ಹೆಚ್ಚಾಗಿ ಮೂಳೆಯ ಅಂಚುಗಳು ಕರಗಿದವು, ಅಷ್ಟೇ.

ತಪ್ಪು ಇದ್ದದ್ದು ಬೆಳಕಿನಲ್ಲಲ್ಲ, ಮೂಳೆಯಲ್ಲಿ. ಮೂಳೆಯೆಂದರೆ ಬಿಳಿ ಎಂದುಕೊಂಡು ಬಳಿದಿದ್ದೆ. ಬಿಳಿಯ ಪಕ್ಕದಲ್ಲಿ ಬೆಳಕು ಹೊಳೆಯುವುದಾದರೂ ಹೇಗೆ?

ಮೊದಲು ಪಕ್ಕೆಲುಬುಗಳನ್ನು ಆಚೆ ಬದಿ, ಈಚೆ ಬದಿ ಎಂದು ಎರಡು ಲೇಯರ್‌ಗಳಾಗಿ ಬೇರ್ಪಡಿಸಿದೆ. ಎರಡಕ್ಕೂ ಕ್ಲಿಪ್ ಮಾಡಿದ (ಬಣ್ಣ ಮೂಳೆಯ ಆಚೆ ಹರಡದಂತೆ ಕಟ್ಟಿದ), ಕೆಳಗಿನ ಬಣ್ಣವನ್ನು ಗಾಢಗೊಳಿಸುವ ಮಲ್ಟಿಪ್ಲೈ ಲೇಯರ್‌ನಲ್ಲಿ ನೀಲಿ ಬೆರೆತ ಕಡು ನೇರಳೆ ತುಂಬಿ, ಒಪಾಸಿಟಿ (ಪದರದ ಅಪಾರದರ್ಶಕತೆ) 70% ಇಟ್ಟೆ. ಕೆಳಗಿನಿಂದ ಮೇಲಕ್ಕೆ ಕ್ರಮ: ಆಚೆಯ ಪಕ್ಕೆಲುಬು, ಕೆಳಗಿನದಕ್ಕೆ ಬೆಳಕು ಕೂಡಿಸುವ ಆಡ್ ಮೋಡ್‌ನಲ್ಲಿ 50% ಒಪಾಸಿಟಿಯ ಹಸಿರು ಬೆಳಕು, ಈಚೆಯ ಪಕ್ಕೆಲುಬು. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಕೊನೆಗೆ ಈಚೆಯ ಮೂಳೆಗಳ ಒಳ ಅಂಚಿಗೆ ಮಾತ್ರ ಗಟ್ಟಿ ಬ್ರಷ್‌ನಿಂದ ತಿಳಿಹಸಿರು ಗೆರೆ ಎಳೆದೆ. 4000 ಪಿಕ್ಸೆಲ್ ಅಗಲದ ಕ್ಯಾನ್ವಾಸ್‌ಗೆ 6 ಪಿಕ್ಸೆಲ್ ಸಾಕು. ಬೆನ್ನುಮೂಳೆಯತ್ತ ಸಾಗಿದಂತೆ ಗೆರೆ ಸಪೂರವಾಗಿ ಮಾಯವಾಗಬೇಕು. ಮೃದು ಬ್ರಷ್ ಇಲ್ಲಿ ಬೇಡವೇ ಬೇಡ.

ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ: ಅತಿ ಬೆಳ್ಳಗಿನ ಜಾಗ ಎದೆಯೊಳಗೇ ಇರಬೇಕು. ತಲೆಬುರುಡೆ ಅದನ್ನು ಮೀರಿಸುತ್ತಿದ್ದರೆ ಅದಕ್ಕೂ ಮಲ್ಟಿಪ್ಲೈ ಲೇಯರ್ ಹಾಕಿ, ಒಪಾಸಿಟಿ 85% ಇಡಿ.