ಸವೆದ ದಾರಿಯ ಫೋಟೊ ತೆಗೆಯೋದು: ನನ್ನ ಅನುಭವ

ಶುರುವಿನಲ್ಲಿ ನಾನು ತೆಗೆದ ಕಾಲುದಾರಿ ಫೋಟೊಗಳೆಲ್ಲಾ ಒಂದೇ ಥರ ಇರ್ತಿದ್ವು. ದಾರಿ ಮಧ್ಯ ನಿಂತ್ಕೊಂಡು, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಹಿಡ್ಕೊಂಡು, ದಾರಿ ದೂರ ಹೋಗಿ ಚುಕ್ಕಿ ಆಗೋ ಹಾಗೆ. ನೋಡಿದವರು ಚೆನ್ನಾಗಿದೆ ಅಂತಿದ್ರು, ಆದ್ರೆ ಎರಡನೇ ಸಲ ಯಾರೂ ನೋಡ್ತಿರಲಿಲ್ಲ.

'ದಾರಿ ಸವೆಸಿದ' ಅಂತೀವಲ್ಲ, ಆ ಮಾತನ್ನ ಒಂದಿನ ಅಕ್ಷರಶಃ ಯೋಚನೆ ಮಾಡಿದ್ಮೇಲೆ ನಾನು ನೋಡೋದೇ ಬದಲಾಯ್ತು. ಕಾಡಿನ ಕಾಲುದಾರೀನ ಸಾಮಾನ್ಯವಾಗಿ ಯಾರೂ ಕೂತು ಪ್ಲಾನ್ ಮಾಡಿರಲ್ಲ, ಒಬ್ರು ಕಾಲಿಟ್ಟ ಕಡೆ ಇನ್ನೊಬ್ರು ಕಾಲಿಟ್ಟು, ಹುಲ್ಲು ಸತ್ತು, ಮಣ್ಣು ಗಟ್ಟಿಯಾಗಿ, ಮಳೆ ನೀರು ಅದೇ ತಗ್ಗಲ್ಲಿ ಹರಿದು ಇನ್ನೂ ಆಳ ಆಗಿ, ಬೇರು ಮೇಲೆದ್ದು, ಆ ಬೇರೂ ಕಾಲು ತಾಗಿ ತಾಗಿ ನುಣ್ಣಗಾಗಿರುತ್ತೆ. ಫ್ರೇಮಲ್ಲಿ ಒಬ್ರೂ ಇಲ್ಲದಿದ್ರೂ ಎಷ್ಟೋ ಜನ ಇದ್ದಾರೆ. ರಿಚರ್ಡ್ ಲಾಂಗ್ ಅನ್ನೋ ಬ್ರಿಟಿಷ್ ಕಲಾವಿದ 1967ರಲ್ಲಿ ಹುಲ್ಲಿನ ಮೈದಾನದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ನಡೆದು ಒಂದು ಗೆರೆ ಮೂಡಿಸಿ ಅದರ ಫೋಟೊ ತೆಗೆದ. ಗೆರೆ ಬಿಟ್ರೆ ಅದರಲ್ಲಿ ಏನೂ ಇಲ್ಲ, ಆದ್ರೂ ನಡೆದವನು ಕಾಣ್ತಾನೆ.

ಆ ಸವೆತ ಕಾಣ್ಬೇಕು ಅಂದ್ರೆ ಬೆಳಕು ಪಕ್ಕದಿಂದ ಬರ್ಬೇಕು. ಸೂರ್ಯ ಕೆಳಗಿರೋವಾಗ, ಬೆಳಿಗ್ಗೆ ಬೇಗ ಇಲ್ಲಾ ಸಂಜೆ ಕೊನೇಗೆ, ಒಂದೊಂದು ತಗ್ಗಿಗೂ ನೆರಳು ಬೀಳುತ್ತೆ. ಮಧ್ಯಾಹ್ನ ಅದೇ ದಾರಿ ಚಪ್ಪಟೆ ಪಟ್ಟಿ ಥರ ಕಾಣುತ್ತೆ. ದಟ್ಟ ಮರಗಳ ಕೆಳಗೆ ಮಾತ್ರ ನಾನು ಮೋಡದ ದಿನಾನೇ ಕಾಯ್ತೀನಿ, ಬಿಸಿಲಿದ್ರೆ ನೆಲದ ತುಂಬ ಬಿಳಿ ಮಚ್ಚೆ ಬಿದ್ದು ದಾರಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಕ್ಯಾಮೆರಾ ಮೊಣಕಾಲಿನ ಎತ್ತರಕ್ಕೆ ಇಳಿಸ್ತೀನಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರೋ) ಕ್ಯಾಮೆರಾದಲ್ಲಿ ಅಗಲವಾಗಿ ತೋರಿಸೋ 24 ಎಂಎಂ ಲೆನ್ಸ್, ಅಪರ್ಚರ್ (ಬೆಳಕು ಬರೋ ಕಿಂಡಿ) ಚಿಕ್ಕದಾಗಿ ಎಫ್ 11, ಫೋಕಸ್ ಸುಮಾರು 2 ಮೀಟರ್ ದೂರಕ್ಕೆ ಇಟ್ರೆ, ಮುಂದಿರೋ ಬೇರಿಂದ ಹಿಡಿದು ದೂರದ ಮರದ ತನಕ ಎಲ್ಲಾ ಶಾರ್ಪ್. ದಾರಿ ಹಾವಿನ ಥರ ತಿರುಗ್ತಾ ಹೋಗಿದ್ರೆ ಇದೆಲ್ಲಾ ಬಿಟ್ಟು, ಎತ್ತರದ ಜಾಗ ಹುಡುಕಿ ದೂರದ್ದನ್ನ ಹತ್ತಿರ ತೋರಿಸೋ 135 ಅಥವಾ 200 ಎಂಎಂ ಲೆನ್ಸ್ ಹಾಕ್ತೀನಿ, ಆಗ ತಿರುವುಗಳು ಒಂದರ ಮೇಲೊಂದು ಬಂದು ಕೂರ್ತವೆ. ಮಂಜಿದ್ರೆ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದ್ರೆ ಎರಡರಷ್ಟು ಬೆಳಕು) ಜಾಸ್ತಿ ಮಾಡಿ, ಇಲ್ಲಾಂದ್ರೆ ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಅದನ್ನ ಬೂದಿ ಬಣ್ಣಕ್ಕೆ ಎಳೆದುಬಿಡುತ್ತೆ.

ಅರ್ಥದ ವಿಷಯಕ್ಕೆ ಬಂದ್ರೆ, ನಂಗೆ ತುಂಬಾ ಕಲಿಸಿದ್ದು ಒಂದು ತಿರುವಿನ ಫೋಟೊ. ಅದನ್ನ ಎರಡು ಸಲ ತೆಗೆದಿದ್ದೆ. ಒಂದರಲ್ಲಿ ಮುಂದೆ ಕತ್ತಲು, ತಿರುವಿನ ಆಚೆ ಬೆಳಕು. ಇನ್ನೊಂದು ಸಂಜೇದು, ಮುಂದೆ ಬೆಳಕು, ತಿರುವಲ್ಲಿ ಕತ್ತಲು. ನನ್ನ ಗೆಳತಿ ಮೊದಲನೇದು ನೋಡಿ 'ಬಾ ಹೋಗೋಣ ಅನ್ಸುತ್ತೆ' ಅಂದ್ಳು, ಎರಡನೇದನ್ನ ಸುಮಾರು ಹೊತ್ತು ನೋಡಿ 'ಇಲ್ಲಿ ಯಾರೋ ದಾರಿ ಕಾಯ್ತಿದ್ದಾರೆ' ಅಂದ್ಳು. ಅದೇ ದಾರಿ, ಅದೇ ಲೆನ್ಸ್! ಅಮೆರಿಕದ ಫೋಟೊಗ್ರಾಫರ್ ಯುಜೀನ್ ಸ್ಮಿತ್ 1946ರಲ್ಲಿ ತೆಗೆದ ಫೋಟೊ ಆಗ ನೆನಪಾಯ್ತು, ಅವರ ಇಬ್ರು ಮಕ್ಕಳು ನಮಗೆ ಬೆನ್ನು ಹಾಕಿ ಮರಗಳ ಕತ್ತಲಿಂದ ಬೆಳಕಿನ ಕಡೆ ಹೆಜ್ಜೆ ಇಡ್ತಿರೋದು. 1945ರಲ್ಲಿ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು ಎಷ್ಟೋ ಕಾಲ ಕ್ಯಾಮೆರಾ ಮುಟ್ಟದೇ ಇದ್ದವರು ಮತ್ತೆ ಶುರು ಮಾಡಿದ್ದು ಅದರಿಂದ. ಆ ಮಕ್ಕಳ ಮುಖ ಕಂಡಿದ್ರೆ ಅದು ಬರೀ ಮಕ್ಕಳ ಫೋಟೊ ಆಗ್ತಿತ್ತು ಅಂತ ನನ್ನ ನಂಬಿಕೆ.

ಅದಕ್ಕೇ ಈಗ ನಾನು ಹೋಗ್ತಾ ಫೋಟೊ ತೆಗೆಯೋದು ಕಮ್ಮಿ, ಪ್ರತೀ ತಿರುವು ದಾಟಿದ್ಮೇಲೆ ಹಿಂದೆ ತಿರುಗಿ ನೋಡ್ತೀನಿ, ಬಂದ ದಾರಿ ಬೇರೇನೇ ಕಾಣುತ್ತೆ.

ಒಂದು ಕವಲುದಾರಿ ಇದೆ, ಅದರ ಎಡಗಡೆ ಕವಲಲ್ಲಿ ಜನ ಓಡಾಡೋದು ನಿಂತಿದೆ. ಮೂರು ವರ್ಷದಿಂದ ಮಳೆಗಾಲ ಮುಗಿದ ಮೇಲೆ ಅದೇ ಕಲ್ಲಿನ ಪಕ್ಕ ಟ್ರೈಪಾಡ್ ಇಟ್ಟು ಅದೇ ಲೆನ್ಸಲ್ಲಿ ಅದನ್ನ ತೆಗೀತಿದ್ದೀನಿ. ಮೊದಲನೇ ವರ್ಷ ಮಣ್ಣು ಕಾಣ್ತಿತ್ತು, ಎರಡನೇ ವರ್ಷ ಹುಲ್ಲಿನ ಮಧ್ಯೆ ಒಂದು ಬೈತಲೆ ಗೆರೆಯಷ್ಟು. ಈ ಸಲದ ಫೋಟೊದಲ್ಲಿ ದಾರಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸ್ಬೇಕು.