ಕಾಡಿಗೆ ದನ ಬಿಡದೆ ಹೈನು ನಡೆಸಿದ ನನ್ನ ಅನುಭವ

ಕಾಡಿಗೆ ದನ ಬಿಡದೆ ಹೈನುಗಾರಿಕೆ ನಡೆಯದು ಎಂದು ಗುಂಡ್ಲುಪೇಟೆ ಕಡೆಯ ನಮ್ಮ ಊರಿನಲ್ಲಿ ಹೇಳದವರಿರಲಿಲ್ಲ; ಈಗ ಅವರಲ್ಲೇ ಕೆಲವರು ನನ್ನ ಕೊಟ್ಟಿಗೆಯ ಅಳತೆ ತೆಗೆದುಕೊಂಡು ಹೋಗುತ್ತಿದ್ದಾರೆ.

ರಾಷ್ಟ್ರೀಯ ಉದ್ಯಾನದೊಳಗೆ ಹುಲಿ ಹಿಡಿದ ದನಕ್ಕೆ ಪರಿಹಾರ ಸಿಗುವುದಿಲ್ಲ. ಹಾಗೆ ನನ್ನ ಮೂರು ನಾಲ್ಕು ನಾಟಿ ದನಗಳು ಹೋದವು, ಒಂದು ರೂಪಾಯಿಯೂ ಬರಲಿಲ್ಲ. ಉಳಿದವನ್ನು ಮಾರಿ, ಎರಡು ಮಿಶ್ರತಳಿ ಹಸು ಕಟ್ಟಿ, ಅರ್ಧ ಎಕರೆಗೆ ಸೀಮೆ ಹುಲ್ಲು ಹಾಕಿದೆ. ಮೊದಲ ಬೇಸಿಗೆಯಲ್ಲಿ ಹುಲ್ಲು ಸಾಲದೆ ಒಣಮೇವಿಗೇ ಹದಿನೈದು ಸಾವಿರದಷ್ಟು ಖರ್ಚಾಯಿತು.

ಚಿರತೆಯ ಕಾಟ ಮಾತ್ರ ಮನೆ ಬಾಗಿಲಿಗೇ ಬಂತು. ಮಿಣುಕು ದೀಪ ಕಟ್ಟಿದೆ, ರಾತ್ರಿಯಿಡೀ ರೇಡಿಯೋ ಹಾಕಿದೆ. ಕೆಲವು ದಿನಗಳಲ್ಲೇ ಅದು ಎರಡಕ್ಕೂ ಒಗ್ಗಿಕೊಂಡಿತು. ಲಂಟಾನ ಕಡ್ಡಿಯ ತಟ್ಟಿ ಒಂದು ಮಳೆಗಾಲ ತಡೆಯಿತು, ಆಮೇಲೆ ಗೆದ್ದಲು ಹಿಡಿಯಿತು. ಚಿರತೆ ನುಗ್ಗುತ್ತಿದ್ದುದು ಗೋಡೆಗೂ ಶೀಟಿಗೂ ನಡುವಿನ ಸಂದಿನಿಂದ. ಅಲ್ಲಿಂದ ನೆಲದವರೆಗೆ ವೆಲ್ಡ್ ಜಾಲರಿ ಬಿಗಿದು, ಬುಡವನ್ನು ಒಂದಡಿ ಹೂತು ಸೈಜುಗಲ್ಲು ಕೂರಿಸಿದೆ. ಕೂಲಿ ಸೇರಿ ಅರವತ್ತು ಸಾವಿರದ ಆಸುಪಾಸು. ಬಳಿಕ ಒಂದು ಬೆಳಿಗ್ಗೆ ಜಾಲರಿಯ ಬಣ್ಣದ ಮೇಲೆ ನಾಲ್ಕು ಉಗುರುಗೆರೆ ಕಂಡವು. ಒಳಗೆ ಕರುಗಳು ಮೆಲುಕು ಹಾಕುತ್ತಿದ್ದವು. ಬಾಗಿಲ ಅಗುಳಿ ಕೂರಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಒಮ್ಮೆ ಸಂಜೆ, ಉದ್ಯಾನದ ಹೊರಗೆ ನನ್ನ ಹೊಲದಲ್ಲಿ ಕಟ್ಟಿದ್ದ ಪಡ್ಡೆಯನ್ನು (ಇನ್ನೂ ಈಯದ ಎಳೆ ಹಸು) ಚಿರತೆ ಹಿಡಿಯಿತು. ಕಳೇಬರವನ್ನು ಕದಲಿಸದೆ, ಕುತ್ತಿಗೆಯ ಹಲ್ಲಿನ ಗುರುತು, ಹಗ್ಗ, ಗೂಟ ಎಲ್ಲವೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆದೆ, ಹೆಜ್ಜೆ ಅಳಿಯದಂತೆ ಮೇಲೆ ಬಾಂಡಲಿ ಕವುಚಿದೆ. ಅರಣ್ಯ ಇಲಾಖೆಯ ಗಾರ್ಡ್ ಬಂದು ಸರ್ವೆ ನಂಬರು ಸಹಿತ ಮಹಜರು ಮಾಡಿದರು, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿದರು. ಪಹಣಿ, ಪಾಸ್‌ಬುಕ್ ಅಂದೇ ಕೊಟ್ಟೆ. ಪೇಟೆ ಬೆಲೆಯ ಅರ್ಧದಷ್ಟೇ ಆದರೂ ಪರಿಹಾರದ ಹಣ ಕೆಲವು ತಿಂಗಳಲ್ಲಿ ಖಾತೆಗೆ ಬಂತು.

ಅಂದು ಕಳೇಬರಕ್ಕೆ ವಿಷ ಸವರೆಂದು ಪಿಸುಗುಟ್ಟಿದವರೂ ಇದ್ದರು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಬೆರೆತ ಹಸುವಿನ ಕಳೇಬರ ತಿಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯೂ ಇದೆ, ಚಿರತೆಯೂ ಇದೆ. ಕೊಂದವರಿಗೆ ಕನಿಷ್ಠ 3 ವರ್ಷ ಜೈಲು. ಆ ಪ್ರಕರಣದ ನಂತರ ಅರಣ್ಯದಲ್ಲಿ ಮೇಯಿಸುವುದನ್ನೇ ನಿಷೇಧಿಸಲು ಸರ್ಕಾರ ಹೊರಟಾಗ ಕಾಡಂಚಿನವರೆಲ್ಲ ಆತಂಕಗೊಂಡರು. ನನ್ನ ಹಸುಗಳು ಅಷ್ಟರಲ್ಲಿ ಕಟ್ಟಿ ಮೇಯುವುದಕ್ಕೆ ಒಗ್ಗಿದ್ದವು.

ಈಗಿನ ತಲೆನೋವು ಹುಲ್ಲಿನ ಬುಡ ಅಗೆಯುವ ಕಾಡುಹಂದಿ. ನೇರ ಕರೆಂಟು ಹರಿಸುವ ಮಾತೇ ಇಲ್ಲ. ಸೋಲಾರ್ ಬೇಲಿಯ ಕೆಳತಂತಿಯನ್ನು ಇನ್ನಷ್ಟು ತಗ್ಗಿಸಿ ನೋಡುತ್ತಿದ್ದೇನೆ.