ಮೂರು ಪ್ಯಾರಾಚೂಟ್ ಒಟ್ಟಿಗೆ ಬಿಚ್ಚಬೇಕು: ನನ್ನ ಅನುಭವ

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಗಗನಯಾನ ಯೋಜನೆಯ ಕ್ಯಾಪ್ಸೂಲ್ ಇಳಿಸೋಕೆ ಒಟ್ಟು 10 ಪ್ಯಾರಾಚೂಟ್ ಬೇಕು. ಅವುಗಳಲ್ಲಿ ಎರಡು, ಕ್ಯಾಪ್ಸೂಲ್‌ನ ಮೇಲಿನ ಮುಚ್ಚಳ ಕಿತ್ತು ತೆಗೆಯುತ್ತವೆ, ಡ್ರೋಗ್ ಅನ್ನೋ ಇನ್ನೆರಡು ಓಲಾಟ ನಿಲ್ಲಿಸಿ ವೇಗ ಇಳಿಸುತ್ತವೆ, ಆಮೇಲೆ ಪೈಲಟ್ ಅನ್ನೋ ಮೂರು ಸಣ್ಣ ಪ್ಯಾರಾಚೂಟ್‌ಗಳು ಸುಮಾರು 25 ಮೀಟರ್ ಅಗಲದ ಮೂರು ಮುಖ್ಯ ಪ್ಯಾರಾಚೂಟ್‌ಗಳನ್ನು ಹೊರಗೆಳೆಯುತ್ತವೆ. ಪುಣೆಯ ನಮ್ಮ ಮನೆಯಲ್ಲಿ ನಾನು ಮಾದರಿ ಮಾಡಿದ್ದು ಆ ಕೊನೆಯ ಮೂರನ್ನು ಮಾತ್ರ.

ಪ್ಯಾರಾಚೂಟ್ ಬಿಚ್ಚದಿದ್ದರೆ ಅಪಾಯ ಅಂತ ಎಲ್ಲರಿಗೂ ಗೊತ್ತು. ಒಂದೇ ಸಲಕ್ಕೆ ಪೂರ್ತಿ ಬಿಚ್ಚಿಕೊಂಡರೂ ಅಪಾಯವೇ, ಆ ಜಗ್ಗಿಗೆ ಬಟ್ಟೆ ಹರಿಯಬಹುದು. ಅದಕ್ಕೇ ಅಂಚಿನ ಸುತ್ತ ಉಂಗುರ ಹೊಲಿದು, ದಾರ ಪೋಣಿಸಿ, ಲಾಡಿ ಹಾಕಿದ ಚೀಲದ ಹಾಗೆ ಬಾಯಿ ಬಿಗಿದಿರುತ್ತಾರೆ. ಕೆಲವು ಸೆಕೆಂಡ್ ಆದಮೇಲೆ ಸಿಡಿಮದ್ದಿನ ಕಟರ್ ಆ ದಾರ ಕತ್ತರಿಸುತ್ತದೆ. ಇದೇ ರೀಫಿಂಗ್.

ಟೆಂಟ್‌ಗೆ ಬಳಸುವ ರಿಪ್‌ಸ್ಟಾಪ್ ನೈಲಾನ್ ತಂದೆ. ಹೊಲಿದುಕೊಟ್ಟವರು ಕಾತ್ರಜ್‌ನಲ್ಲಿ ಟೈಲರಿಂಗ್ ಮಾಡುವ, ಇಂಡಿ ಕಡೆಯ ಕಾಕಾ. "ಇಷ್ಟ್ ತೆಳು ಅರಿವಿಗೆ ದಪ್ಪ ಸೂಜಿ ಬ್ಯಾಡ್ರಿ, ತೂತು ಬಿದ್ದಲ್ಲೇ ಹರೀತದ" ಅಂದರು. ಅವರ ಮಾತು ಕೇಳಿದ್ದಕ್ಕೆ ಒಂದು ಹೊಲಿಗೆಯೂ ಬಿಚ್ಚಲಿಲ್ಲ.

ಮನೆಯಲ್ಲಿ ಸಿಡಿಮದ್ದು ಬೇಡ ಅಂತ ನಾನು ದಾರಕ್ಕೆ ನೈಕ್ರೋಮ್ ತಂತಿ ಸುತ್ತಿದೆ. ಟೈಮರ್ ಕರೆಂಟ್ ಕೊಟ್ಟಾಗ ತಂತಿ ಕಾದು ನೈಲಾನ್ ದಾರ ಕರಗುತ್ತದೆ. ಕಷ್ಟ ಇರೋದು ಮೂರೂ ದಾರ ಒಟ್ಟಿಗೆ ಕಡಿಯುವುದರಲ್ಲಿ. ಒಂದು ಮೊದಲೇ ಅರಳಿದರೆ ಹೆಚ್ಚಿನ ಭಾರ ಅದರ ಮೇಲೇ ಬೀಳುತ್ತದೆ, ಉಳಿದವಕ್ಕೆ ಅರಳೋಕೆ ಗಾಳಿಯೂ ಸರಿಯಾಗಿ ಸಿಗಲ್ಲ. 2025ರ ನವೆಂಬರ್‌ನಲ್ಲಿ ಝಾನ್ಸಿ ಹತ್ತಿರದ ಬಬೀನಾದಲ್ಲಿ ಇಸ್ರೋದವರು ಬೇಕಂತಲೇ ಎರಡು ಪ್ಯಾರಾಚೂಟ್‌ಗಳ ನಡುವೆ ಈ ತಡ ಇಟ್ಟು ಪರೀಕ್ಷೆ ಮಾಡಿದ್ದು ಇದಕ್ಕೇ. ನಾನು ಮೂರು ತಂತಿಗೂ ಒಂದೇ ಅಳತೆ ಇಟ್ಟು, ಬೇರೆ ಬೇರೆ ಬ್ಯಾಟರಿ ಕೊಟ್ಟೆ. ಒಂದೇ ಬ್ಯಾಟರಿಯಿಂದ ಮೂರನ್ನೂ ಕಾಯಿಸಿದರೆ ವೋಲ್ಟೇಜ್ ಕುಸಿದು ದಾರ ಯಾವಾಗ ಕಡಿಯುತ್ತೆ ಅನ್ನೋ ಲೆಕ್ಕವೇ ಸಿಗಲ್ಲ.

ಪುಣೆಯ ಸುತ್ತ ಲೋಹಗಾಂವ್ ವಾಯುನೆಲೆ, ಎನ್‌ಡಿಎ (ಸೇನಾ ತರಬೇತಿ ಅಕಾಡೆಮಿ) ಎಲ್ಲ ಇರೋದರಿಂದ ಸಿಕ್ಕಲ್ಲಿ ಡ್ರೋನ್ ಹಾರಿಸೋ ಹಾಗಿಲ್ಲ. ಗೆಳೆಯನ ಡ್ರೋನ್ ಹಿಡಿದು ಇಂದಾಪುರ ಕಡೆಯ, ಡ್ರೋನ್ ಹಾರಿಸಬಹುದಾದ ಹಸಿರು ವಲಯದ ಬಯಲಿಗೆ ಹೋದೆವು. ಮರಳು ತುಂಬಿದ ಡಬ್ಬಿ ಕೆಳಗೆ ಬಿಟ್ಟಾಗ ಮೊದಲು ಮೂರು ಸಣ್ಣ ಮೊಗ್ಗು ಕಂಡವು, ಆಮೇಲೆ ಮೂರೂ ಒಟ್ಟಿಗೆ ಅರಳಿದವು. ಎಷ್ಟು ಖುಷಿಯಾಯ್ತು ಅಂದ್ರೆ ಇಬ್ಬರೂ ಕೂಗಿಬಿಟ್ಟೆವು.

ಆಮೇಲೆ ಒಂದನ್ನು ಕಟ್ಟಿಯೇ ಇಟ್ಟು ಎರಡರಲ್ಲೇ ಇಳಿಸಿದೆವು. ಲೆಕ್ಕದ ಪ್ರಕಾರ ವೇಗ ಸುಮಾರು 22% ಜಾಸ್ತಿ ಆಗಬೇಕು, ಅಷ್ಟೇ. 1971ರಲ್ಲಿ ಚಂದ್ರನಿಂದ ಮರಳಿದ ಅಮೆರಿಕದ ಅಪೋಲೊ 15ರ ಮೂರು ಪ್ಯಾರಾಚೂಟ್‌ಗಳಲ್ಲಿ ಒಂದು ಮುದುಡಿಹೋದಾಗಲೂ ಮೂವರು ಗಗನಯಾತ್ರಿಗಳು ಬದುಕಿ ಬಂದದ್ದು ಹೀಗೇ. ನಮ್ಮ ಡಬ್ಬಿ ಸ್ವಲ್ಪ ಜೋರಾಗಿ ಬಿತ್ತು, ಆದರೆ ಒಡೆಯಲಿಲ್ಲ.